32ನೇ ವಯಸ್ಸಿಗೆ 10 ವರ್ಷದ ಕರಾರು: ಬೇಸ್‌ಬಾಲ್ ತಂಡಗಳಿಗೆ ಲೆಕ್ಕ ಬರುವುದಿಲ್ಲವೇ?

ಸೇಂಟ್ ಲೂಯಿಸ್ ವಾಸಿ | ಶನಿವಾರ, ಬೆಳಿಗ್ಗೆ 8.12

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. 2009ರಿಂದ ಸೇಂಟ್ ಲೂಯಿಸ್‌ನಲ್ಲಿ ಸಂಸಾರ ಹೂಡಿದ್ದೇನೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲವೆಂದುಕೊಂಡಿದ್ದ ನನಗೆ ಬೇಸ್‌ಬಾಲಿನ ರುಚಿ ಹತ್ತಿಸಿದವರು ಆಲ್ಬರ್ಟ್ ಪುಹೋಲ್ಸ್. 2011ರ ಅಕ್ಟೋಬರ್‌ನಲ್ಲಿ ಅವರಿದ್ದ ಕಾರ್ಡಿನಲ್ಸ್ ತಂಡ ವರ್ಲ್ಡ್ ಸೀರೀಸ್ (ಬೇಸ್‌ಬಾಲಿನ ವರ್ಷದ ಅಂತಿಮ ಸರಣಿ) ಗೆದ್ದಾಗ ಊರಿಗೆ ಊರೇ ಕೆಂಪು ಅಂಗಿ ತೊಟ್ಟು ಬೀದಿಗಿಳಿದಿತ್ತು. ಆರು ವಾರ ಕಳೆಯುವಷ್ಟರಲ್ಲಿ ಅವರು ಫ್ರೀ ಏಜೆಂಟ್ (ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರನಾದ ಆಟಗಾರ) ಆಗಿ ಲಾಸ್ ಏಂಜಲಿಸ್ ಏಂಜಲ್ಸ್ ತಂಡದೊಂದಿಗೆ 10 ವರ್ಷಕ್ಕೆ 2.4 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದರು. ಆ ದಿನ ನಮ್ಮ ಕಚೇರಿಯಲ್ಲಿ ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಮೊದಲ ಋತು ಆಡುವಾಗ ಅವರಿಗೆ 32 ವರ್ಷ, ಕೊನೆಯ ಋತುವಿಗೆ 41. ಮೂವತ್ತು ದಾಟಿದ ಮೇಲೆ ಕಣ್ಣು, ಮಂಡಿ, ಸೊಂಟ ಯಾವುದೂ ಮೊದಲಿನಂತಿರುವುದಿಲ್ಲ ಎಂಬುದು ನಮ್ಮ ಊರಿನ ವಾಲಿಬಾಲ್ ತಂಡದವರಿಗೂ ತಿಳಿದ ವಿಷಯ. ಒಂದೊಂದು ತಂಡದಲ್ಲಿ ಸಂಖ್ಯಾಶಾಸ್ತ್ರ ಓದಿದವರ ದೊಡ್ಡ ಪಡೆಯನ್ನೇ ಇಟ್ಟುಕೊಂಡಿರುವವರು ಇಂತಹ ಕರಾರಿಗೆ ಏಕೆ ಒಪ್ಪುತ್ತಾರೆ? ಒಂಬತ್ತೂವರೆ ವರ್ಷದ ಬಳಿಕ, 2021ರ ಮೇ ತಿಂಗಳಲ್ಲಿ, ಅದೇ ಏಂಜಲ್ಸ್ ಋತುವಿನ ನಡುವೆಯೇ ಅವರನ್ನು ಮನೆಗೆ ಕಳುಹಿಸಿತು. ಇದು ಮೂರ್ಖತನವೋ ಅಥವಾ ನನಗೆ ಅರ್ಥವಾಗದ ಜಾಣತನವೋ ಎಂಬುದನ್ನು ತಿಳಿದವರು ಹೇಳಬೇಕು.


ಹಳೆ ಸ್ಕೋರರ್ | ಬೆಳಿಗ್ಗೆ 8.31

ಮೊದಲು ಸೊನ್ನೆಗಳನ್ನು ಸರಿಪಡಿಸಿಕೊಳ್ಳೋಣ. ಅದು 240 ಮಿಲಿಯನ್, ಅಂದರೆ 24 ಕೋಟಿ ಡಾಲರ್. ತಾವು ಪುಹೋಲ್ಸ್ ಅವರಿಗೆ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಕೊಟ್ಟಿದ್ದೀರಿ.


ಸೇಂಟ್ ಲೂಯಿಸ್ ವಾಸಿ | ಬೆಳಿಗ್ಗೆ 8.40

ಕ್ಷಮಿಸಿ, ಮಿಲಿಯನ್ನಿನಿಂದ ಕೋಟಿಗೆ ಬರುವಾಗ ಪ್ರತಿಸಲವೂ ನನ್ನ ಕೈ ಜಾರುತ್ತದೆ. 24 ಕೋಟಿ ಎಂದೇ ಓದಿಕೊಳ್ಳಿ.


ಲೆಕ್ಕದ ಮೇಷ್ಟ್ರು | ಬೆಳಿಗ್ಗೆ 9.05

ಒಳ್ಳೆಯ ಪ್ರಶ್ನೆ. ಉತ್ತರ ಕೊಂಚ ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ತಂಡಗಳು ಆಟಗಾರನ ಬೆಲೆ ಕಟ್ಟುವುದು ಸಾಮಾನ್ಯವಾಗಿ ‘ವಾರ್’ ಎಂಬ ಅಳತೆಯ ಸುತ್ತ. ಸುಲಭವಾಗಿ ಸಿಗುವ, ಕನಿಷ್ಠ ಸಂಬಳದ ಬದಲಿ ಆಟಗಾರನೊಬ್ಬ ಅದೇ ಜಾಗದಲ್ಲಿ ಆಡಿದ್ದರೆ ತಂಡ ಎಷ್ಟು ಗೆಲ್ಲುತ್ತಿತ್ತೋ, ಅದಕ್ಕಿಂತ ಎಷ್ಟು ಗೆಲುವು ಹೆಚ್ಚಾಯಿತು ಎಂಬುದು ಅದರ ತಿರುಳು. ಒಬ್ಬ ಕಾಲ್ಪನಿಕ ತಾರೆಯನ್ನು ತೆಗೆದುಕೊಳ್ಳಿ. 31ನೇ ವಯಸ್ಸಿನಲ್ಲಿ ಅವನು ಐದು ಗೆಲುವು ತರುತ್ತಾನೆ, ಪ್ರತಿ ವರ್ಷ ಅರ್ಧ ಗೆಲುವು ಕುಸಿಯುತ್ತಾನೆ ಎಂದಿಟ್ಟುಕೊಳ್ಳಿ. ಮೂವತ್ತು ದಾಟಿದವರಿಗೆ ಬಹುತೇಕ ವಿಶ್ಲೇಷಕರು ಬಳಸುವ ಅಂದಾಜೇ ಇದು. ಹತ್ತು ವರ್ಷಕ್ಕೆ ಒಟ್ಟು 27.5 ಗೆಲುವು. ಮಾರುಕಟ್ಟೆಯಲ್ಲಿ ಒಂದು ಗೆಲುವಿಗೆ 80 ಲಕ್ಷ ಡಾಲರ್ ಎಂದು ಹಿಡಿದರೆ ಒಟ್ಟು ಮೌಲ್ಯ 22 ಕೋಟಿ. ಅದನ್ನೇ ಸಮನಾಗಿ ಹಂಚಿ ವರ್ಷಕ್ಕೆ 2.2 ಕೋಟಿ ಕೊಡುತ್ತೀರಿ. ಮೊದಲ ಐದು ವರ್ಷದಲ್ಲಿ ಅವನು 20 ಗೆಲುವು, ಅಂದರೆ 16 ಕೋಟಿಯ ಆಟ ಆಡುತ್ತಾನೆ, ನೀವು ಕೊಟ್ಟಿರುವುದು 11 ಕೋಟಿ. ಕೊನೆಯ ಐದು ವರ್ಷದಲ್ಲಿ 6 ಕೋಟಿಯ ಆಟಕ್ಕೆ 11 ಕೋಟಿ ಕೊಡುತ್ತೀರಿ.

ಊರಿನಲ್ಲಿ ಚೀಟಿ ಹಾಕಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ತಂಡ ಚೀಟಿಯನ್ನು ಮೊದಲೇ ಎತ್ತಿಕೊಂಡಿದೆ, ಕೊನೆಯ ವರ್ಷಗಳಲ್ಲಿ ಕಟ್ಟುತ್ತಿರುವುದು ಉಳಿದ ಕಂತು. ಎತ್ತಿದ ದುಡ್ಡಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶದ ಊಟ ಉಂಡವರು, ಕೊನೆಯ ಕಂತಿನ ದಿನ ಬಂದು ‘ಈ ತಿಂಗಳು ನನಗೇನೂ ಸಿಗಲಿಲ್ಲ’ ಎಂದು ಗೊಣಗಿದರೆ ಚೀಟಿ ನಡೆಸುವವರು ನಗುತ್ತಾರೆ.


ಆರೆಂಜ್ ಕೌಂಟಿ ಕನ್ನಡಿಗ | ಬೆಳಿಗ್ಗೆ 9.48

ಮೇಷ್ಟ್ರೇ, ನಾನು ಆ ಮನೆಯಲ್ಲೇ ವಾಸವಿದ್ದವನು, ಅಂದರೆ ಏಂಜಲ್ಸ್ ಅಭಿಮಾನಿ. ಗೃಹಪ್ರವೇಶವೇ ಆಗಲಿಲ್ಲ. ಪುಹೋಲ್ಸ್ ಇದ್ದ ಅಷ್ಟೂ ಋತುಗಳಲ್ಲಿ ನಮ್ಮ ತಂಡ ಪ್ಲೇಆಫ್ ಮುಟ್ಟಿದ್ದು ಒಂದೇ ಸಲ, 2014ರಲ್ಲಿ. ಅಲ್ಲಿಯೂ ಕ್ಯಾನ್ಸಸ್ ಸಿಟಿ ರಾಯಲ್ಸ್ ಕೈಯಲ್ಲಿ ಮೂರಕ್ಕೆ ಮೂರು ಪಂದ್ಯ ಸೋತು ಬಂದೆವು. ಎರಡನೇ ವರ್ಷವೇ ಅವರ ಅಂಗಾಲಿನ ನೋವು ಎಷ್ಟು ಬಲಿಯಿತೆಂದರೆ 99 ಪಂದ್ಯಕ್ಕೆ ಋತು ಮುಗಿಯಿತು. ಮೊದಲ ಬೇಸ್‌ಗೆ ಅವರು ಓಡುತ್ತಿದ್ದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ: ಹಿಮ್ಮಡಿ ನೆಲಕ್ಕೆ ತಾಗದಂತೆ, ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವವರ ಹಾಗೆ. ವರ್ಷಕ್ಕೆ ಅರ್ಧ ಗೆಲುವು ಎಂಬ ನಿಮ್ಮ ಇಳಿಜಾರು ಸರಾಸರಿಯ ಮಟ್ಟಿಗೆ ಸರಿಯಿರಬಹುದು. ಒಬ್ಬನೇ ಮನುಷ್ಯನ ದೇಹ ಇಳಿಜಾರಿನಂತೆ ಇಳಿಯುವುದಿಲ್ಲ, ಮೆಟ್ಟಿಲಿನಂತೆ ಧೊಪ್ಪನೆ ಇಳಿಯುತ್ತದೆ.

ಇನ್ನೊಂದು ವಿಷಯ. ಆ ಕರಾರಿನಲ್ಲಿ ಸಂಬಳವನ್ನು ಸಮನಾಗಿ ಹಂಚಿರಲಿಲ್ಲ. ಮೊದಲ ವರ್ಷ 1.2 ಕೋಟಿ, ಎರಡನೇ ವರ್ಷ 1.6 ಕೋಟಿ, ಏರುತ್ತ ಏರುತ್ತ ಕೊನೆಯ ವರ್ಷ 3 ಕೋಟಿ. ಆಟ ಇಳಿಯುತ್ತ ಹೋದಂತೆ ಕಂತು ಏರುತ್ತ ಹೋಯಿತು.


ಲೆಕ್ಕದ ಮೇಷ್ಟ್ರು | ಬೆಳಿಗ್ಗೆ 10.02

ಮೆಟ್ಟಿಲಿನ ಮಾತನ್ನು ಒಪ್ಪುತ್ತೇನೆ. ಏರುವ ಕಂತಿನ ಬಗ್ಗೆ ಒಂದು ಮಾತು: ಹತ್ತು ವರ್ಷದ ಬಳಿಕ ಕೊಡುವ 3 ಕೋಟಿ ಇಂದಿನ 3 ಕೋಟಿಯಲ್ಲ, ಮತ್ತು ಆಟಗಾರರ ಪೇಟೆಯ ದರವೂ ಅಷ್ಟರಲ್ಲಿ ಏರಿರುತ್ತದೆ. ಹಾಗಾಗಿ ಅದು ಕಾಣುವಷ್ಟು ಕೆಟ್ಟದ್ದಲ್ಲ. ಆದರೆ ಪುಹೋಲ್ಸ್ ವಿಷಯದಲ್ಲಿ ಏಂಜಲ್ಸ್ ತಂಡ ಕಣ್ಣೆದುರಿನ ಅಂಕಿಯನ್ನೇ ನೋಡಲಿಲ್ಲ ಎಂಬುದು ನನ್ನ ಅಭಿಪ್ರಾಯ. 2008ರಿಂದ 2011ರವರೆಗೆ ಅವರ ಬ್ಯಾಟಿಂಗ್ ಸರಾಸರಿ (ಹೊಡೆಯುವ ಪ್ರಯತ್ನಗಳಲ್ಲಿ ಹಿಟ್ ಆದವುಗಳ ಪಾಲು) ಅನುಕ್ರಮವಾಗಿ 0.357, 0.327, 0.312, 0.299. ಸಹಿ ಹಾಕುವ ಮುಂಚಿನ ಮೂರೂ ವರ್ಷ ಇಳಿಮುಖ. ಬಿದ್ದ ಮೇಲೆ ಬಂದ ಆಶ್ಚರ್ಯವಲ್ಲ ಇದು.


ಬಸವನಗುಡಿ ಸ್ಪಿನ್ನರ್ | ಬೆಳಿಗ್ಗೆ 10.20

ನಮ್ಮ ಐಪಿಎಲ್ ಹರಾಜೇ ವಾಸಿ. 2011ರಲ್ಲಿ ಆರ್‌ಸಿಬಿ ಕೊಹ್ಲಿಯೊಬ್ಬರನ್ನು ಉಳಿಸಿಕೊಂಡು ದ್ರಾವಿಡ್ ಅವರನ್ನು ಬಿಟ್ಟಿತು. 38 ತುಂಬಲು ಎರಡು ಮೂರು ದಿನವಿದ್ದ ಅವರನ್ನು ರಾಜಸ್ಥಾನ ರಾಯಲ್ಸ್ 5 ಲಕ್ಷ ಡಾಲರಿಗೆ ಕೊಂಡಿತು. ಬೆಂಗಳೂರಿನವರಿಗೆ ಹೊಟ್ಟೆ ಉರಿಯಿತು ನಿಜ, ಆದರೆ ಯಾರ ತಲೆಯ ಮೇಲೂ ಹತ್ತು ವರ್ಷದ ಹೊರೆ ಬೀಳಲಿಲ್ಲ.


ಕಾನೂನು ಕಾಫಿ | ಬೆಳಿಗ್ಗೆ 10.37

ಸ್ಪಿನ್ನರ್ ಅವರೇ, ಹೊರೆ ಬೀಳಲಿಲ್ಲ ಎನ್ನುವಾಗ ಅದು ಯಾರ ಹೆಗಲಿನಿಂದ ಯಾರ ಹೆಗಲಿಗೆ ಹೋಯಿತೆಂದು ನೋಡಬೇಕು. ಹರಾಜಿನಲ್ಲಿ ಆಟಗಾರ ತಾನು ಎಲ್ಲಿಗೆ ಹೋಗಬೇಕೆಂದು ಹೇಳುವಂತಿಲ್ಲ. ಮುಪ್ಪಿನ ಅಪಾಯವೆಲ್ಲ ಅವನದೇ. ಬೇಸ್‌ಬಾಲಿನಲ್ಲಿಯೂ ಒಂದು ಕಾಲಕ್ಕೆ ಇದಕ್ಕಿಂತ ಕೆಟ್ಟ ಸ್ಥಿತಿ ಇತ್ತು, ಮತ್ತು ಅದನ್ನು ಮುರಿಯಲು ಹೊರಟವರು ಸೇಂಟ್ ಲೂಯಿಸ್‌ನವರೇ ಎಂಬುದನ್ನು ಇಲ್ಲಿ ಯಾರೂ ಇನ್ನೂ ಹೇಳಿಲ್ಲ.

1969ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ಸ್ ತಂಡದ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ವಿನಿಮಯ ಮಾಡಿದರು. ಆಗ ವರ್ಷಕ್ಕೆ 90 ಸಾವಿರ ಡಾಲರ್ ಪಡೆಯುತ್ತಿದ್ದ ದೊಡ್ಡ ಆಟಗಾರ ಅವರು. ‘ರಿಸರ್ವ್ ಕ್ಲಾಸ್’ ಎಂಬ ಕರಾರಿನ ಕಲಮಿನಿಂದಾಗಿ, ಒಮ್ಮೆ ಸಹಿ ಹಾಕಿದವನು ತಂಡ ಬಿಡುವವರೆಗೆ ತಂಡದ ಸೊತ್ತು. ತಾನು ಕೊಂಡು ಮಾರುವ ವಸ್ತುವಲ್ಲವೆಂದು ಅವರು ಡಿಸೆಂಬರ್ 24ರಂದು ಕಮಿಷನರ್ ಬೋವಿ ಕ್ಯೂನ್ ಅವರಿಗೆ ಪತ್ರ ಬರೆದರು, ಬಳಿಕ ನ್ಯಾಯಾಲಯಕ್ಕೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಅವರ ಆಟದ ಬದುಕು ಅಲ್ಲಿಗೆ ಮುಗಿದಿತ್ತು. ಬಾಗಿಲು ತೆರೆದದ್ದು 1975ರ ಡಿಸೆಂಬರ್‌ನಲ್ಲಿ. ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣದಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಸ್ ಆಟಗಾರರ ಪರ ನಿಂತರು. ಆಮೇಲೆ ಮಾಲೀಕರು ಮತ್ತು ಮಾರ್ವಿನ್ ಮಿಲ್ಲರ್ ನೇತೃತ್ವದ ಆಟಗಾರರ ಸಂಘ ಕೂತು ಒಪ್ಪಿಕೊಂಡ ನಿಯಮವೇ ಇಂದಿಗೂ ನಡೆಯುತ್ತಿರುವ ಆರು ವರ್ಷದ ಸೇವೆಯ ನಿಯಮ: ಮೇಲಿನ ಲೀಗಿನಲ್ಲಿ ಆರು ವರ್ಷ ಪೂರೈಸಿದವನು ಸ್ವತಂತ್ರ.

ಇಡೀ ಚರ್ಚೆಯ ಬೇರು ಆ ಆರು ವರ್ಷದಲ್ಲಿದೆ. 23, 24ಕ್ಕೆ ಮೇಲಿನ ಲೀಗ್‌ಗೆ ಬಂದವನು ಸ್ವತಂತ್ರನಾಗುವಾಗ 29, 30 ಆಗಿರುತ್ತದೆ. ಪೇಟೆಗೆ ಬರುವ ಮಾಲೇ ಹಣ್ಣಾಗಿರುವಾಗ, ‘ಹಣ್ಣಾದುದನ್ನು ಏಕೆ ಕೊಂಡಿರಿ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ.


ತುಂಗಾತೀರ | ಬೆಳಿಗ್ಗೆ 11.15

ಕಾನೂನು ಕಾಫಿಯವರ ಮಾತಿಗೆ ನನ್ನದೊಂದು ಉದಾಹರಣೆ. 172 ದಿನ ಆದರೆ ಒಂದು ವರ್ಷದ ಸೇವೆ. 2015ರಲ್ಲಿ ಶಿಕಾಗೋ ಕಬ್ಸ್ ತಂಡ ಕ್ರಿಸ್ ಬ್ರಯಂಟ್ ಅವರನ್ನು ಋತುವಿನ ಆರಂಭದಲ್ಲಿ ಕೆಲವು ದಿನ ಕೆಳಗಿನ ಲೀಗಿನಲ್ಲೇ ಇರಿಸಿಕೊಂಡಿತು, ಮತ್ತು ವರ್ಷದ ಕೊನೆಗೆ ಅವರ ಲೆಕ್ಕದಲ್ಲಿ 171 ದಿನವಿತ್ತು. ಒಂದೇ ದಿನ ಕಡಿಮೆ! ಸಂಘದ ಮೂಲಕ ದೂರು ಕೊಟ್ಟರೂ 2020ರಲ್ಲಿ ತೀರ್ಪು ತಂಡದ ಪರವಾಯಿತು. ಹೀಗೆ ಒಂದು ವರ್ಷ ತಡವಾಗಿ ಪೇಟೆಗೆ ಬಂದ ಬ್ರಯಂಟ್, 30 ತುಂಬಿದ ಮೇಲೆ ಕೊಲರಾಡೋ ರಾಕೀಸ್ ಜೊತೆ 7 ವರ್ಷಕ್ಕೆ 18.2 ಕೋಟಿಗೆ ಸಹಿ ಹಾಕಿದರು. ಬೆನ್ನು ಕೈಕೊಟ್ಟಿತು. ಮೊದಲ ನಾಲ್ಕು ಋತುಗಳಲ್ಲಿ ಆಡಿದ್ದು ಒಟ್ಟು 170 ಪಂದ್ಯ. ಒಂದು ಋತುವಿಗೆ 162 ಪಂದ್ಯಗಳಿರುತ್ತವೆ ಎಂಬುದನ್ನು ನೆನಪಿಡಿ. ಉಳಿಸಿದ ತಂಡ ಒಂದು, ಕಳೆದುಕೊಂಡ ತಂಡ ಇನ್ನೊಂದು.


ಎಡಿಸನ್ ಅಜ್ಜಿ | ಬೆಳಿಗ್ಗೆ 11.40

ನನಗೆ ಇಷ್ಟೊಂದು ಅಂಕಿ ತಿಳಿಯದು, ಮೊಮ್ಮಗನ ಜೊತೆ ಮೆಟ್ಸ್ ಪಂದ್ಯ ನೋಡಿ ನೋಡಿ ಅಭ್ಯಾಸವಾಗಿದೆ. ಪ್ರತಿ ಜುಲೈ 1ರಂದು ಅವನು ಬಾಬಿ ಬೊನಿಯಾ ಎಂಬವರ ಹೆಸರು ಹೇಳಿ ನಗುತ್ತಾನೆ. ಆಟ ಬಿಟ್ಟು ಇಪ್ಪತ್ತು ವರ್ಷ ದಾಟಿದವರಿಗೆ ತಂಡ ಇನ್ನೂ ದುಡ್ಡು ಕೊಡುತ್ತಿದೆಯಂತೆ. ವಯಸ್ಸಾದ ಆಟಗಾರನಿಗೆ ಬೆಲೆ ಕಟ್ಟುವುದರಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇದೆಯೇ?


ಹಳೆ ಸ್ಕೋರರ್ | ಬೆಳಿಗ್ಗೆ 11.52

ಅಜ್ಜಿಯವರೇ, ಅದು ಬೆಲೆ ಕಟ್ಟಿದ ತಪ್ಪಲ್ಲ, ಸಾಲ. ಬೊನಿಯಾ ಅವರನ್ನು ತಂಡದಿಂದ ಬಿಡಲು ಮೆಟ್ಸ್ 59 ಲಕ್ಷ ಡಾಲರ್ ಕೊಡಬೇಕಿತ್ತು. ಆಗಲೇ ಕೊಡುವ ಬದಲು ಶೇಕಡ 8ರ ಬಡ್ಡಿ ಸೇರಿಸಿ, 2011ರಿಂದ 2035ರವರೆಗೆ ವರ್ಷಕ್ಕೆ ಸುಮಾರು 11.93 ಲಕ್ಷ ಕೊಡುತ್ತೇವೆಂದು ಒಪ್ಪಿಕೊಂಡರು. ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಮೊಮ್ಮಗನಿಗೆ ತಿಳಿಸಿ.


ಎಡಿಸನ್ ಅಜ್ಜಿ | ಮಧ್ಯಾಹ್ನ 12.10

ತಿಳಿಸಿದೆ. ‘ಹಾಗಾದರೆ ಸೋಟೋ?’ ಎಂದು ಕೇಳುತ್ತಿದ್ದಾನೆ.


ಲೆಕ್ಕದ ಮೇಷ್ಟ್ರು | ಮಧ್ಯಾಹ್ನ 12.34

ಮೊಮ್ಮಗ ಜಾಣ. ಹುವಾನ್ ಸೋಟೋ 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿಗೆ ಸಹಿ ಹಾಕಿದಾಗ ಅವರಿಗೆ 26 ವರ್ಷ. ಕೊನೆಯ ಋತುವಿನಲ್ಲಿ 40 ಆಗಿರುತ್ತದೆ ನಿಜ, ಆದರೆ ಮೆಟ್ಸ್ ಕೊಂಡಿರುವುದು 26ರಿಂದ 30ರವರೆಗಿನ ವರ್ಷಗಳನ್ನು. ಪೇಟೆಗೆ ಬಾರದ ಮಾಲು ಅದು. ಹತ್ತೊಂಬತ್ತಕ್ಕೇ ಮೇಲಿನ ಲೀಗಿಗೆ ಬಂದದ್ದರಿಂದ ಆರು ವರ್ಷದ ನಿಯಮ ಅವರಿಗೆ ಬೇಗ ಮುಗಿಯಿತು. ಅವರು 2022ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಕೊಟ್ಟ 44 ಕೋಟಿಯನ್ನು ಬೇಡವೆಂದದ್ದನ್ನು ಆಗ ಎಷ್ಟೋ ಜನ ಹುಚ್ಚು ಎಂದಿದ್ದರು.

ಕರಾರು ಇಷ್ಟುದ್ದವಾಗಲು ಇನ್ನೊಂದು ಕಾರಣವಿದೆ, ಅದು ಆಟಕ್ಕೆ ಸಂಬಂಧಿಸಿದ್ದೇ ಅಲ್ಲ. ತಂಡದ ಒಟ್ಟು ಸಂಬಳ ಒಂದು ಮಿತಿ ದಾಟಿದರೆ ತೆರಿಗೆ ಬೀಳುತ್ತದೆ. 2025ರಲ್ಲಿ ಆ ಮಿತಿ 24.1 ಕೋಟಿ. ತೆರಿಗೆಗೆ ಹಿಡಿಯುವುದು ಆಯಾ ವರ್ಷದ ಸಂಬಳವನ್ನಲ್ಲ, ಕರಾರಿನ ವಾರ್ಷಿಕ ಸರಾಸರಿಯನ್ನು. ಬ್ರೈಸ್ ಹಾರ್ಪರ್ ಅವರಿಗೆ ಫಿಲಡೆಲ್ಫಿಯಾ 33 ಕೋಟಿಯನ್ನು 10 ವರ್ಷಕ್ಕೆ ಕೊಟ್ಟಿದ್ದರೆ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 3.3 ಕೋಟಿ ಆಗುತ್ತಿತ್ತು. 13 ವರ್ಷಕ್ಕೆ ಎಳೆದದ್ದರಿಂದ 2.54 ಕೋಟಿ ಆಯಿತು. ಝ್ಯಾಂಡರ್ ಬೋಗರ್ಟ್ಸ್ ಅವರ 11 ವರ್ಷ, ಟ್ರೇ ಟರ್ನರ್ ಅವರ 11 ವರ್ಷ ಎಲ್ಲವೂ ಇದೇ ಸೊಂಟಪಟ್ಟಿಯ ರಂಧ್ರಗಳು. ಹಾಗಾಗಿ ಮೂಲ ಪ್ರಶ್ನೆಗೆ ನನ್ನ ಉತ್ತರ: 40, 41ನೇ ವಯಸ್ಸಿನ ಆ ವರ್ಷಗಳನ್ನು ಯಾರೂ ಕೊಳ್ಳುತ್ತಿಲ್ಲ. ಅವು ಬೆಲೆಯನ್ನು ತೆಳ್ಳಗೆ ಹರಡಲು ಸೇರಿಸಿದ ನೀರು.


ಆರೆಂಜ್ ಕೌಂಟಿ ಕನ್ನಡಿಗ | ಮಧ್ಯಾಹ್ನ 1.05

ನೀರು ಎಂದಿರಿ, ಸಂತೋಷ. ಆದರೆ ಆ ನೀರು ಕುಡಿಯಬೇಕಾದ ದಿನ ಬಂದಾಗ ಮ್ಯಾನೇಜರ್ ಏನು ಮಾಡಬೇಕು? ವರ್ಷಕ್ಕೆ 2.8 ಕೋಟಿ ಪಡೆಯುವವರನ್ನು ಬೆಂಚಿನ ಮೇಲೆ ಕೂರಿಸಲು ಮಾಲೀಕರು ಬಿಡುವುದಿಲ್ಲ. ದುಡ್ಡು ಹೋದದ್ದಲ್ಲದೆ ಜಾಗವೂ ಹೋಗುತ್ತದೆ. ಒಬ್ಬ ಹುಡುಗನ ಅವಕಾಶವೂ ಹೋಗುತ್ತದೆ. ನಿಮ್ಮ 22 ಕೋಟಿಯ ಲೆಕ್ಕದಲ್ಲಿ ಈ ಖರ್ಚು ಎಲ್ಲಿದೆ?


ಲೆಕ್ಕದ ಮೇಷ್ಟ್ರು | ಮಧ್ಯಾಹ್ನ 1.11

ಇಲ್ಲ. ಅದು ನನ್ನ ಲೆಕ್ಕದ ದೊಡ್ಡ ತೂತು, ಒಪ್ಪಿಕೊಂಡೆ.


ಮೂರನೇ ಬೇಸ್ | ಮಧ್ಯಾಹ್ನ 1.50

ಚೀಟಿಯ ಹೋಲಿಕೆ ಚೆನ್ನಾಗಿದೆ, ಆದರೆ ಚೀಟಿ ಎತ್ತಿದವರು ಯಾರು ಎಂಬುದನ್ನು ಮೇಷ್ಟ್ರು ತಲೆಕೆಳಗು ಮಾಡಿದ್ದಾರೆ ಎಂದು ನನಗನಿಸುತ್ತದೆ. ಆಟಗಾರನ ಕಡೆಯಿಂದ ನೋಡಿ. 2004ರಲ್ಲಿ ಪುಹೋಲ್ಸ್ ಕಾರ್ಡಿನಲ್ಸ್ ಜೊತೆ 7 ವರ್ಷಕ್ಕೆ 10 ಕೋಟಿಯ ಕರಾರು ಮಾಡಿಕೊಂಡಿದ್ದರು. ಆ ಅವಧಿಯಲ್ಲಿ ಅವರು ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಮೂರು ಸಲ ಗೆದ್ದರು: 2005, 2008, 2009. ತಂಡ 2006ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಕಾರ್ಡಿನಲ್ಸ್ ಪರ 11 ಋತುಗಳಲ್ಲಿ ಅವರು ಹೊಡೆದದ್ದು 445 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಸರಾಸರಿ 0.328. ಏಂಜಲ್ಸ್ ಪರ 222 ಹೋಮ್ ರನ್, ಸರಾಸರಿ 0.256. ಅಂದರೆ ಅತ್ಯುತ್ತಮ ವರ್ಷಗಳಿಗೆ ಕಡಿಮೆ ದುಡ್ಡು, ಇಳಿಗಾಲಕ್ಕೆ ಹೆಚ್ಚು ದುಡ್ಡು. ಪ್ರತಿ ತಿಂಗಳು ಕಂತು ಕಟ್ಟಿ ಕಟ್ಟಿ ಕೊನೆಗೆ ಚೀಟಿ ಎತ್ತಿದವರು ಪುಹೋಲ್ಸ್.

ಸಿಕ್ಕು ಇರುವುದು ಇಲ್ಲಿ: ಕಂತು ಕಟ್ಟಿದ್ದು ಸೇಂಟ್ ಲೂಯಿಸ್‌ನಲ್ಲಿ, ಚೀಟಿ ಎತ್ತಿದ್ದು ಏಂಜಲ್ಸ್ ತಂಡದ ಊರಾದ ಅನಹೈಮ್‌ನಲ್ಲಿ. ಯಾವ ಚೀಟಿ ಗುಂಪಿನಲ್ಲಿಯೂ ಹೀಗೆ ನಡೆಯುವುದಿಲ್ಲ.

ಇದೇ ಏಂಜಲ್ಸ್ ತಂಡದ ಮಗ್ಗುಲಲ್ಲಿ ಇನ್ನೊಂದು ಚಿತ್ರವಿದೆ. 2013ರಲ್ಲಿ ಪುಹೋಲ್ಸ್ ಅವರಿಗೆ 1.6 ಕೋಟಿ, ಅದೇ ಡ್ರೆಸಿಂಗ್ ರೂಮಿನಲ್ಲಿದ್ದ, ಆಗ ಆಟದಲ್ಲೇ ಅತ್ಯುತ್ತಮರೆನ್ನಬಹುದಾಗಿದ್ದ 21ರ ಹರೆಯದ ಮೈಕ್ ಟ್ರೌಟ್ ಅವರಿಗೆ 5.1 ಲಕ್ಷ. ಕನಿಷ್ಠ ಸಂಬಳಕ್ಕಿಂತ 20 ಸಾವಿರ ಹೆಚ್ಚು, ಅಷ್ಟೆ. ಇಬ್ಬರನ್ನೂ ಕೂಡಿಸಿ ನೋಡಿದರೆ ಆ ವರ್ಷ ಏಂಜಲ್ಸ್ ಕೊಟ್ಟ ದುಡ್ಡು ದುಬಾರಿಯಾಗಿರಲೇ ಇಲ್ಲ. ಹೆಸರು ಬೇರೆಯವರದು, ಆಟ ಇನ್ನೊಬ್ಬರದು.


ಬಸವನಗುಡಿ ಸ್ಪಿನ್ನರ್ | ಮಧ್ಯಾಹ್ನ 2.08

ಈ ಕೊನೆಯ ಪ್ಯಾರಾ ಓದಿ ಕುರ್ಚಿಯಿಂದ ಎದ್ದು ನಿಂತೆ. ಹರಾಜೇ ವಾಸಿ ಎಂದ ನನ್ನ ಮಾತನ್ನು ಅರ್ಧಕ್ಕೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.


ಹಳೆ ಸ್ಕೋರರ್ | ಮಧ್ಯಾಹ್ನ 2.45

ಎಲ್ಲರೂ ಕೆಟ್ಟುಹೋದ ಕರಾರುಗಳನ್ನೇ ಎಣಿಸುತ್ತಿದ್ದೀರಿ. ಬಾಲ್ಟಿಮೋರ್‌ನ ಕ್ರಿಸ್ ಡೇವಿಸ್ ಅವರನ್ನು ಇನ್ನೂ ಯಾರೂ ಎಳೆದು ತಂದಿಲ್ಲ ಎಂಬುದೇ ಅಚ್ಚರಿ. 7 ವರ್ಷಕ್ಕೆ 16.1 ಕೋಟಿ ಪಡೆದು, ಒಂದು ಹಂತದಲ್ಲಿ ಸತತ 54 ಸಲ ಒಂದೂ ಹಿಟ್ ಇಲ್ಲದೆ ಮರಳಿದವರು ಅವರು. ಆದರೆ ನನ್ನ ನೆನಪಿನ ಪುಸ್ತಕದಲ್ಲಿ ಬೇರೆ ಪುಟಗಳೂ ಇವೆ.

ರ್‍ಯಾಂಡಿ ಜಾನ್ಸನ್ 1998ರ ಡಿಸೆಂಬರ್‌ನಲ್ಲಿ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಜೊತೆ 4 ವರ್ಷಕ್ಕೆ 5.24 ಕೋಟಿಗೆ ಸಹಿ ಹಾಕಿದಾಗ ಅವರಿಗೆ 35. ಬೆನ್ನಿನ ಶಸ್ತ್ರಚಿಕಿತ್ಸೆ ಆಗಿದ್ದ ಎತ್ತರದ ಪಿಚರ್ (ಚೆಂಡು ಎಸೆಯುವವರು). 1999ರಿಂದ 2002ರವರೆಗೆ ನಾಲ್ಕಕ್ಕೆ ನಾಲ್ಕು ವರ್ಷ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ನಡುವೆ 2001ರ ವರ್ಲ್ಡ್ ಸೀರೀಸ್. ಮ್ಯಾಕ್ಸ್ ಷರ್ಜರ್ ಅವರಿಗೆ 30ನೇ ವಯಸ್ಸಿನಲ್ಲಿ ವಾಷಿಂಗ್ಟನ್ 21 ಕೋಟಿ ಕೊಟ್ಟಿತು. ಎರಡು ಸೈ ಯಂಗ್ ಮತ್ತು 2019ರ ಪಟ್ಟ ಬಂತು. ಅಟ್ಲಾಂಟಾ ತಂಡ 32 ದಾಟಿದ ಫ್ರೆಡ್ಡಿ ಫ್ರೀಮನ್ ಅವರನ್ನು 2022ರಲ್ಲಿ ಬಿಟ್ಟು, 27ರ ಮ್ಯಾಟ್ ಓಲ್ಸನ್ ಅವರನ್ನು ತಂದಿತು. ಲೆಕ್ಕದ ಪ್ರಕಾರ ಅದು ಸರಿಯೇ, ಓಲ್ಸನ್ ಚೆನ್ನಾಗಿಯೇ ಆಡಿದರು. ಆದರೆ 16.2 ಕೋಟಿಗೆ ಡಾಡ್ಜರ್ಸ್ ಸೇರಿದ ಫ್ರೀಮನ್, 2024ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲಿ, ಉಳುಕಿದ ಪಾದದಲ್ಲಿ ನಿಂತು, ಹತ್ತನೇ ಇನಿಂಗ್ಸಿನಲ್ಲಿ ನಾಲ್ಕು ರನ್ನಿನ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದ್ದನ್ನು ನೋಡಿದವರು ಯಾವ ಅಳತೆಯಿಂದ ಅಳೆಯುತ್ತಾರೋ ನನಗೆ ತಿಳಿಯದು.

ಕಡಿಮೆ ಬೆಲೆ ಕಟ್ಟಿದ ತಪ್ಪುಗಳೂ ಇವೆ. 33ರ ನೆಲ್ಸನ್ ಕ್ರೂಝ್ ತಮ್ಮ ಹಳೆಯ ತಂಡ ಕೊಟ್ಟ ಒಂದು ವರ್ಷದ 1.41 ಕೋಟಿಯನ್ನು ಬೇಡವೆಂದು ಪೇಟೆಗೆ ಬಂದರು. ಅಂತಹವರನ್ನು ಕೊಳ್ಳುವ ತಂಡ, ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತನ್ನ ಒಂದು ಆಯ್ಕೆಯನ್ನು ಬಿಟ್ಟುಕೊಡಬೇಕು, ಆದ್ದರಿಂದ ಎಲ್ಲರೂ ಹಿಂದೆ ಸರಿದರು. ಕೊನೆಗೆ ಬಾಲ್ಟಿಮೋರ್ 80 ಲಕ್ಷಕ್ಕೆ ಕೊಂಡಿತು. 2014ರಲ್ಲಿ ಅವರು ಹೊಡೆದದ್ದು 40 ಹೋಮ್ ರನ್, ಆ ವರ್ಷ ಅಮೆರಿಕನ್, ನ್ಯಾಷನಲ್ ಎರಡೂ ಲೀಗ್ ಸೇರಿ ಅತಿ ಹೆಚ್ಚು.


ತುಂಗಾತೀರ | ಮಧ್ಯಾಹ್ನ 3.10

ಜಾನ್ಸನ್ ಅವರನ್ನು ಉದಾಹರಣೆಗೆ ತರುವುದೆಂದರೆ, ನೂರು ವರ್ಷ ಬದುಕಿದ ನಮ್ಮ ಮುತ್ತಜ್ಜ ಬೀಡಿ ಸೇದುತ್ತಿದ್ದರು ಎಂದು ಹೇಳಿದ ಹಾಗೆ.


ಹಳೆ ಸ್ಕೋರರ್ | ಮಧ್ಯಾಹ್ನ 3.14

ಪುಹೋಲ್ಸ್ ಒಬ್ಬರನ್ನೇ ಹಿಡಿದು ಜಗ್ಗುವುದೂ ಹಾಗೆಯೇ ಅಲ್ಲವೇ?


ಕಾನೂನು ಕಾಫಿ | ಸಂಜೆ 4.30

ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಬೆಲೆಯನ್ನು ವಯಸ್ಸೊಂದೇ ನಿರ್ಧರಿಸುತ್ತದೆ ಎಂದು ನಂಬಿದವರಿಗೆ ಎರಡು ಮುಜುಗರದ ಅಧ್ಯಾಯಗಳಿವೆ. 1985ರಿಂದ ಮೂರು ಚಳಿಗಾಲ ಮಾಲೀಕರೆಲ್ಲ ಒಳಗೊಳಗೇ ಮಾತಾಡಿಕೊಂಡು ಬೇರೆ ತಂಡದ ಆಟಗಾರರಿಗೆ ಬೆಲೆ ಹೇಳುವುದನ್ನೇ ನಿಲ್ಲಿಸಿದರು. 1987ರಲ್ಲಿ 32ರ ಆಂಡ್ರೆ ಡಾಸನ್ ಅಂಕಿ ತುಂಬದ ಖಾಲಿ ಕರಾರಿಗೆ ಸಹಿ ಹಾಕಿ ಶಿಕಾಗೋ ಕಬ್ಸ್ ಮುಂದಿಟ್ಟರು. ಅವರು 5 ಲಕ್ಷ ಬರೆದುಕೊಂಡರು. ಅದೇ ವರ್ಷ ಡಾಸನ್ ಲೀಗಿನ ಅತ್ಯುತ್ತಮ ಆಟಗಾರರಾದರು. ಮಾಲೀಕರ ಒಳಸಂಚು ಸಾಬೀತಾಗಿ 1990ರಲ್ಲಿ 28 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಇನ್ನೊಂದು ಬ್ಯಾರಿ ಬಾಂಡ್ಸ್ ಅವರದು. 2007ರಲ್ಲಿ, 43ನೇ ವಯಸ್ಸಿನಲ್ಲಿ, 28 ಹೋಮ್ ರನ್ ಹೊಡೆದು, ಆಡಲು ನಿಂತ ನೂರರಲ್ಲಿ 48 ಸಲ ಬೇಸ್ ತಲುಪಿದ್ದರೂ ಮರುವರ್ಷ ಒಂದು ತಂಡವೂ ಅವರನ್ನು ಕರೆಯಲಿಲ್ಲ. ಅವರ ಮೇಲೆ ಮೊಕದ್ದಮೆ ಇತ್ತು, ಮದ್ದಿನ ಆರೋಪವಿತ್ತು, ಎಲ್ಲ ಸರಿ. ಆದರೆ ತಂಡಗಳು ಗೆಲುವನ್ನು ಮಾತ್ರ ಕೊಳ್ಳುತ್ತವೆ ಎಂಬ ಮೇಷ್ಟ್ರ ಸೂತ್ರದಲ್ಲಿ ಇದಕ್ಕೆ ಜಾಗವಿಲ್ಲ.


ಸೇಂಟ್ ಲೂಯಿಸ್ ವಾಸಿ | ಸಂಜೆ 6.20

ಒಂದು ದಿನದಲ್ಲಿ ಇಷ್ಟು ಕಲಿತದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ‘ಕಂತು ಇಲ್ಲಿ, ಚೀಟಿ ಅಲ್ಲಿ’ ಎಂಬ ಮಾತು ನನ್ನ ಮನಸ್ಸಿಗೆ ನಾಟಿತು. ಏಕೆಂದರೆ ನಾವು, ಅಂದರೆ ಸೇಂಟ್ ಲೂಯಿಸ್‌ನವರು, ಹದಿನಾಲ್ಕು ವರ್ಷದಿಂದ ಏಂಜಲ್ಸ್ ತಂಡವನ್ನು ನೋಡಿ ನಗುತ್ತ ಬಂದಿದ್ದೇವೆ, ನಗಲು ನಮಗೆ ಅಧಿಕಾರವಿತ್ತೋ ಇಲ್ಲವೋ ಎಂದು ಯೋಚಿಸಿರಲಿಲ್ಲ. ಪುಹೋಲ್ಸ್ ಹೋದದ್ದಕ್ಕೆ ಪರಿಹಾರವಾಗಿ 2012ರ ಡ್ರಾಫ್ಟ್‌ನಲ್ಲಿ ನಮಗೆ ಏಂಜಲ್ಸ್ ತಂಡದ 19ನೇ ಸರದಿಯೂ ಸಿಕ್ಕಿತು. ಅದರಲ್ಲಿ ಬಂದ ಮೈಕಲ್ ವಾಕಾ ಮರುವರ್ಷವೇ ನ್ಯಾಷನಲ್ ಲೀಗ್ ಅಂತಿಮ ಸರಣಿಯ ಶ್ರೇಷ್ಠ ಆಟಗಾರನಾಗಿ ನಮ್ಮನ್ನು ವರ್ಲ್ಡ್ ಸೀರೀಸಿಗೆ ಒಯ್ದರು. ಹೋದವರಿಂದಲೂ ಲಾಭ ಮಾಡಿಕೊಂಡೆವು.

2019ರ ಜೂನ್‌ನಲ್ಲಿ ಏಂಜಲ್ಸ್ ತಂಡದೊಂದಿಗೆ ಅವರು ಮೊದಲ ಸಲ ನಮ್ಮ ಊರಿಗೆ ಆಡಲು ಬಂದಾಗ ಟಿಕೆಟ್ ಕೊಂಡು ಹೋಗಿದ್ದೆ. ಬ್ಯಾಟ್ ಹಿಡಿದು ಬಂದಾಗಲೆಲ್ಲ ಜನ ಎದ್ದು ನಿಂತರು. ಮೊದಲ ಸಲ ನಮ್ಮ ಕ್ಯಾಚರ್ ಯಾಡಿಯರ್ ಮೊಲಿನಾ ಎದ್ದು ಬಂದು ಅಪ್ಪಿಕೊಂಡರು. ಶನಿವಾರದ ಪಂದ್ಯದಲ್ಲಿ ಅವರು ನಮ್ಮ ವಿರುದ್ಧವೇ ಹೋಮ್ ರನ್ ಹೊಡೆದರು, ಕೆಂಪು ಅಂಗಿಯ ಜನ ಹೊರಗೆ ಬರುವಂತೆ ಕೂಗಿ ಕೂಗಿ ಕರೆದರು, ಅವರು ಮತ್ತೆ ಮೈದಾನದ ಅಂಚಿಗೆ ಬಂದು ಹೆಲ್ಮೆಟ್ ಎತ್ತಿ ತೋರಿಸಿದರು. ಆಗ ಅವರಿಗೆ 39. ಆ ಸಂಜೆಗೆ ಯಾವ ತಂಡ ಎಷ್ಟು ಕೊಟ್ಟಂತಾಯಿತು, ಅದನ್ನು ಯಾರ ಖಾತೆಗೆ ಬರೆಯಬೇಕು?

2022ರಲ್ಲಿ 25 ಲಕ್ಷದ ಒಂದು ವರ್ಷದ ಕರಾರಿಗೆ ನಮ್ಮಲ್ಲಿಗೇ ಮರಳಿದರು. 24 ಹೋಮ್ ರನ್ ಹೊಡೆದು ಒಟ್ಟು 703ಕ್ಕೆ ನಿಲ್ಲಿಸಿದರು. ಇದು ಮನೆಗೆ ಬಂದ ಮಗನಿಗೆ ಪ್ರೀತಿಯಿಂದ ಕೊಟ್ಟ ಜಾಗವೆಂದು ನಾನು ತಿಳಿದಿದ್ದೇನೆ.


ಲೆಕ್ಕದ ಮೇಷ್ಟ್ರು | ಸಂಜೆ 7.02

ಪ್ರೀತಿ ಇತ್ತು, ಲೆಕ್ಕವೂ ಇತ್ತು. ಆ ವರ್ಷದಿಂದ ನ್ಯಾಷನಲ್ ಲೀಗ್ ಕೂಡ ಡೆಸಿಗ್ನೇಟೆಡ್ ಹಿಟ್ಟರ್ ನಿಯಮವನ್ನು ಅಳವಡಿಸಿಕೊಂಡಿತು. ಫೀಲ್ಡಿಂಗ್ ಮಾಡದೆ ಬ್ಯಾಟ್ ಮಾತ್ರ ಬೀಸುವವರಿಗೆ ಹದಿನೈದು ಹೊಸ ಕೆಲಸಗಳು ಹುಟ್ಟಿದವು. ಕಾರ್ಡಿನಲ್ಸ್ ತಂಡಕ್ಕೆ ಎಡಗೈ ಪಿಚರ್‌ಗಳ ಎದುರು ಹೊಡೆಯಬಲ್ಲ ಬಲಗೈ ಬ್ಯಾಟರ್ ಬೇಕಿತ್ತು. 42ರ ಪುಹೋಲ್ಸ್ ಅವರಲ್ಲಿ ಓಟ ಉಳಿದಿರಲಿಲ್ಲ, ಫೀಲ್ಡಿಂಗ್ ಹೆಚ್ಚೇನೂ ಉಳಿದಿರಲಿಲ್ಲ, ಎಡಗೈಯವರ ಚೆಂಡನ್ನು ನೋಡುವ ಕಣ್ಣು ಉಳಿದಿತ್ತು. ತಂಡ ಇಡೀ ಮನುಷ್ಯನನ್ನು ಕೊಳ್ಳದೆ ಉಳಿದ ಆ ಒಂದನ್ನು ಮಾತ್ರ ಕೊಂಡಿತು. ಏಂಜಲ್ಸ್ ಮಾಡಿದ ತಪ್ಪನ್ನು ಸರಿಪಡಿಸಿದ್ದು ಹಾಗೆ. 700ನೆಯ ಹೋಮ್ ರನ್ ಬಂದ ರಾತ್ರಿ ಡಾಡ್ಜರ್ಸ್ ಕಡೆಯಿಂದ ಪಂದ್ಯ ಆರಂಭಿಸಿದವರೂ ಎಡಗೈ ಪಿಚರ್ ಆಗಿದ್ದುದು ಕಾಕತಾಳೀಯವಲ್ಲ.


ಹಳೆ ಸ್ಕೋರರ್ | ಸಂಜೆ 7.09

ಮೇಷ್ಟ್ರೇ, ಸ್ಕೋರ್ ಪುಸ್ತಕ ನೋಡಿ. 2022ರ ಸೆಪ್ಟೆಂಬರ್ 23ರಂದು ಎಡಗೈಯ ಆಂಡ್ರ್ಯೂ ಹೀನಿ ಅವರಿಗೆ ಹೊಡೆದದ್ದು 699ನೆಯದು. ಮುಂದಿನ ಇನಿಂಗ್ಸಿನಲ್ಲಿ ಬಂದ 700ನೆಯದನ್ನು ಹೊಡೆದದ್ದು ಫಿಲ್ ಬಿಕ್‌ಫರ್ಡ್ ಅವರಿಗೆ, ಅವರು ಬಲಗೈಯವರು.